ಕರೆಂಟ್ ಬಿಲ್ಲಿನ ಬೆನ್ನಿಗೆ

ಡಬ್ಬಿ ಖಾಲಿ ಆಗಿ ಬರೂದು ನಿಂತು ಮೂರು ವಾರ.
ಮುಚ್ಚಳ ತೆಗೆದರ ಮಧ್ಯಾಹ್ನದ ಬೆವರಿನ ವಾಸನಿ,
ಚಪಾತಿ ಸುರುಳಿ ಕಟ್ಟಿದ್ದು ಕಟ್ಟಿದಂಗ,
ಬೆಂಡಿಕಾಯಿ ಲೋಳಿ ಬಿಟ್ಟು ಮೂಲಿಗೆ ಅಂಟಿದ್ದು.
ಬೈದೆ. ಒಂದ್ಸಲ ಕೈನೂ ಎತ್ತಿದೆ,
ಎತ್ತಿದ ಕೈ ತಲಿ ಕೆರಕೊಂಡು ಇಳೀತು.

ನಾನು ರಾತ್ರಿ ಪಾಳಿಯ ವಾಚ್‌ಮನ್,
ಯೂನಿಫಾರ್ಮ್ ಕಳೀದನ ಕಣಕ ನಾದಾಂವ.
ಕಸ್ತೂರಿ ಆರೂವರಿಗೆ ಕಂಪನಿ ಬಸ್ ಹಿಡಿಯಾಕಿ.
ಭೋಸರಿಯ ಈ ಒಂದು ಖೋಲಿ ಬಾಗಲದಾಗ
ದಿನಾ ನಮ್ಮ ಭೆಟ್ಟಿ, ಒಂದು ಕಪ್ ಚಾ ಅರ್ಧರ್ಧ.
ರವಿವಾರ ಮಾತ್ರ ಅಕಿಗೆ ಪೂರಾ ಮಾತು ಸಿಗತೈತಿ.
ಅಂದಳು:
"ತಿನ್ನಾವ್ರನ್ನ ಕೇಳದ ಮಾಡಿದರ
ಅದು ಊಟ ಅಲ್ಲ, ಹುಕುಂ."

ತನುಜಾ ಕರೆಂಟ್ ಬಿಲ್ ಬೋರಲ ಹಾಕಿ
ಪಟ್ಟಿ ಹಿಡಿದು ಗೆರಿ ಎಳೆದಳು.
ಆರು ಮನಿ, ಸೋಮವಾರದಿಂದ ಶನಿವಾರ.
"ಪ್ರತಿ ಮನ್ಯಾಗ ಒಂದು ಹಸರು, ಒಂದು ಬ್ಯಾಳಿ
ಇರಬೇಕಂತ, ನಮ್ಮ ಬಾಯಿ ಹೇಳ್ಯಾರ."
ಬಾಯಿ ಅಂದರ ಅಕಿ ಸಾಲ್ಯಾಗ ಟೀಚರ್.
ನಮಗ ಅದು ಬರೇ ತಿನ್ನೂದು, ಬೈಯೂದು.

ಅಕ್ಷರ ಮರಾಠಿ, ಮಾತು ಕನ್ನಡ:
ದೇವನಾಗರಿಯ ತಲಿಗೆರಿ ಹಗ್ಗಕ್ಕ
ಜಮಖಂಡಿಯ ಝುಣಕಾ, ಮಡಕಿಕಾಳು, ಪುಂಡಿಪಲ್ಲೆ
ಒಣಹಾಕಿದ ಬಟ್ಟಿಯಂಗ ಜೋತು ಬಿದ್ದಿದ್ದವು.
ಮುತ್ತುಗ ಐದು ವರ್ಷ, ಬರಿಯಾಕ ಬರಾಂಗಿಲ್ಲ.
ದುಂಡಗ ಒಂದು ತೀಡಿದ, ಅದು ರೊಟ್ಟಿ.
ಪಕ್ಕಕ್ಕ ಬಾಲ ಇದ್ದದ್ದು ಒಂದು.
"ಇಲಿ ಏನೋ?" ಅಂದೆ.
"ಗಜ್ಜರಿ," ಅಂದ,
ನನ್ನ ದಡ್ಡತನಕ್ಕ ಮರುಗಿ.

ಸಂಜೀಕ ಭಾಜಿ ಮಂಡಿ. ಇಬ್ಬರ ಕೈಯಾಗ ಇಪ್ಪತ್ತಿಪ್ಪತ್ತು.
ಆರಿಸಿದವರು ತಿನ್ನಬೇಕು, ಅದು ಕರಾರು.
ಶೇವಂತಾಬಾಯಿಯ ಬುಟ್ಟಿ ಮುಂದ ಕುಕ್ಕರಗಾಲಲೆ ಕೂತು
ಚವಳಿಕಾಯಿ ಒಂದೊಂದು ಮುರಿದು ಕೇಳಿದಳು ತನುಜಾ,
ಚಟ್ ಅಂದದ್ದಷ್ಟ ಚೀಲಕ್ಕ,
ಮೆತ್ತಗ ಬಾಗಿದ್ದು ವಾಪಸ್.
ಮುತ್ತು ಕೆಂಪು ರಾಜಗಿರಿ ಹಿಡಿದ.
ಯಾಕಂದರ ಅದು ಅಂಗೈಗೆ ಬಣ್ಣ ಹಚ್ಚತೈತಿ.

ಮಂಗಳವಾರ ಅವನ ಅನ್ನ ಗುಲಾಬಿ ಆಗಿ ಹೋತು,
ಅರ್ಧಕ್ಕರ್ಧ ಹಂಗ ತಿರುಗಿ ಬಂತು.
"ರಕ್ತ ಅಂದ್ರು ಎಲ್ಲಾರೂ," ಅಂದ, ಮೂಗು ಏರಿಸಿಕೋತ.
ನಾ ಹೇಳಿದ್ದಿಲ್ಲೇನು ಅನ್ನೂ ಮಾತು
ಹಲ್ಲಿನ ಹಿಂದ ಬಂದು ನಿಂತಿತ್ತು, ನುಂಗಿದೆ.
ಅಂವ ಪೆನ್ಸಿಲ್ ತಂದ. ಆ ಕೆಂಪು ಸೊಪ್ಪನ್ನ
ಮಂಗಳವಾರದಿಂದ ಎಬ್ಬಿಸಿ
ಶನಿವಾರದ ಮನ್ಯಾಗ ಕುಂಡ್ರಿಸಿದ:
ಅವತ್ತ ಅರ್ಧ ದಿನ ಸಾಲಿ, ಊಟ ಮನ್ಯಾಗ,
ಮನ್ಯಾಗ ಯಾರೂ ನಗಾಂಗಿಲ್ಲ.

ಗುರುವಾರಕ್ಕ ನಾಕು ರೊಟ್ಟಿ ಬರದಿದ್ದಳು ತನುಜಾ.
ಎರಡು ತಿನ್ನಾಕಿಗೆ ನಾಕ್ಯಾಕ?
"ನಿಲೋಫರನ ಅವ್ವಗ ಗುರುವಾರ ಡಬಲ್ ಪಾಳಿ."
ಅಷ್ಟ ಅಂದು ಕಂಪಾಸ್ ಮುಚ್ಚಿದಳು.
ನಾನೂ ಮತ್ತ ಕೇಳಲಿಲ್ಲ,
ಕಣಕಕ್ಕ ಒಂದು ಹಿಡಿ ಹಿಟ್ಟು ಜಾಸ್ತಿ ಹಾಕಿದೆ.

ಶುಕ್ರವಾರ ನೋಡತೇನಿ, ಗೆರಿಯ ಹೊರಗ
ಬಿಲ್ಲಿನ ಅಂಚಿಗೆ, ದಂಡದ ರೊಕ್ಕದ ಬೆನ್ನಿಗೆ
ಹೊಸಾ ಮನಿ ಒಂದು ಎದ್ದೈತಿ, ಸೊಟ್ಟ ಗೋಡಿ.
ಒಳಗ ಒಂದು ಟೊಪಗಿ, ಒಂದು ಮೀಸಿ.
ರಾತ್ರಿ ಎರಡಕ್ಕ ಗೇಟಿನ ಮುಂದಿನ ಗಾಡಿ ವಡಾಪಾವ್
ಯಾರ ಬಾಯಿಂದ ಇವರಿಗೆ ಗೊತ್ತಾತು?
ಕಸ್ತೂರಿ ಚಾ ಸೋಸಿಕೋತ ಗ್ವಾಡಿ ಕಡೆ ಮಾರಿ ಮಾಡಿದಳು.
ಟೊಪಗಿ ಕೆಳಗ ಬರದಿತ್ತು:
ಎರಡು ಚಪಾತಿ, ಮೊಸರು, ಬೆಂಡಿಕಾಯಿ.

ಶನಿವಾರ ಮುಂಜಾನೆ ಬೂಟು ಬಿಚ್ಚಾಕ ಬಿಡಲಿಲ್ಲ.
"ಡಬ್ಬಿ ತೆಗಿ, ನೋಡೂಣು," ಅಂದಳು ತನುಜಾ,
ಸೊಂಟದ ಮ್ಯಾಲ ಕೈ, ಥೇಟ್ ನನ್ನಂಗ.
ತೆಗೆದೆ.
ಚಪಾತಿ ಇಲ್ಲ, ಮೊಸರಿಲ್ಲ.
ಬೆಂಡಿಕಾಯಿ ಹಂಗ ಇತ್ತು, ಮೂಲಿಗೆ ಅಂಟಿ.
ಬೈಗಳಕ್ಕ ತಯಾರಾಗಿ ನಿಂತೆ.
ಯಾರೂ ಬೈಲಿಲ್ಲ.
ಮುತ್ತು ಪೆನ್ಸಿಲ್ ಹುಡುಕಾಕ ಹೋದ.